‘ನಿನಗೆ ಮನಸ್ಸಿದ್ದರೆ’: ಮಳೆಗಾಲದ ಮನೆಕೂಟದಲ್ಲಿ ಈ ಪಾಠ ನಡೆಸುವ ಬಗೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲುಗಟ್ಟಿ ನಿಂತಿರುವ ಈ 61 ದಿನ ಗಂಡಸರೂ ಸಂಜೆ ಮನೆಯಲ್ಲಿ ಸಿಗುತ್ತಾರೆ. ಕಾರವಾರದಿಂದ ಹೊನ್ನಾವರದ ತನಕ ಮನೆಕೂಟ, ಅಂದರೆ ಮನೆಯಲ್ಲಿ ಸೇರಿ ಬೈಬಲ್ ಓದಿ ಪ್ರಾರ್ಥಿಸುವ ಕೂಟ, ನಡೆಸುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಎಂಟು–ಹತ್ತು ಜನ ಸಾಕು, ಒಂದೂಕಾಲು ಗಂಟೆ ಸಾಕು. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಮೂಲೆಯಲ್ಲಿ ಕೂತವರಿಗೆ ಒಂದಕ್ಷರವೂ ಕೇಳಿಸದು. ಚಾಪೆಗಳನ್ನು ಹತ್ತಿರ ಹಾಸಿ. ಕರೆಂಟು ಹೋಗುತ್ತದೆ ಎಂದೇ ಎಣಿಸಿ ಪಾಠವನ್ನು ದಪ್ಪ ಅಕ್ಷರದಲ್ಲಿ ಒಂದು ಹಾಳೆಗೆ ಬರೆದಿಟ್ಟುಕೊಳ್ಳಿ. ಒಂದೇ ಮನೆಯಲ್ಲಿ ಬೈಬಲಿನ ಎರಡು ಅನುವಾದಗಳಿರಬಹುದು: ಒಂದರಲ್ಲಿ ‘ಸುವಾರ್ತೆ’, ‘ರಕ್ಷಣೆ’, ಕಥೋಲಿಕರ ಬೈಬಲಿನಲ್ಲಿ ‘ಶುಭಸಂದೇಶ’, ‘ಜೀವೋದ್ಧಾರ’. ಎರಡರ ಅರ್ಥವೂ ಒಂದೇ ಎಂದು ಮೊದಲೇ ಹೇಳಿಬಿಡಿ, ಇಲ್ಲವಾದರೆ ಅರ್ಧ ಹೊತ್ತು ಅದರಲ್ಲೇ ಹೋಗುತ್ತದೆ.

ಓದಬೇಕಾದ್ದು ಮಾರ್ಕ 1:40–45, ಬರೀ ಆರು ವಚನ: ಕುಷ್ಠರೋಗಿಯೊಬ್ಬ ಯೇಸುವಿನ ಬಳಿ ಬಂದು ‘ನಿನಗೆ ಮನಸ್ಸಿದ್ದರೆ ನನ್ನನ್ನು ಶುದ್ಧಮಾಡಬಲ್ಲೆ’ ಎಂದು ಬೇಡುವ ಭಾಗ. ಎರಡು ಸಲ ಓದಿಸಿ. ಆಮೇಲೆ ಕೊಂಕಣಿ ಮನೆಮಾತಿನ ಹಿರಿಯರೊಬ್ಬರಿಗೆ ಅದನ್ನೇ ತಮ್ಮ ಮಾತಿನಲ್ಲಿ ಹೇಳಲು ಬಿಡಿ. ಯಾವ ಮಾತು ಯಾರನ್ನು ತಟ್ಟಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ವಿವರಣೆಗೆ ಇಳಿಯುವ ಮುನ್ನ ‘ಕುಷ್ಠ’ ಎಂಬ ಪದವನ್ನು ನೇರ್ಪುಮಾಡಿ. ಹಳೆಯ ಒಡಂಬಡಿಕೆಯ ಯಾಜಕಕಾಂಡ 13 ಮತ್ತು 14ರಲ್ಲಿ ಹಾಗೆ ಅನುವಾದವಾದ ಹೀಬ್ರೂ ಪದ ಚರ್ಮದ ಹಲವು ಕಾಯಿಲೆಗಳಿಗೂ ಬಟ್ಟೆ, ಗೋಡೆಗಳಿಗೆ ಹಿಡಿಯುವ ಬೂಷ್ಟಿಗೂ ಒಂದೇ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜುಲೈಯಲ್ಲಿ ಕಪಾಟಿನ ಹಿಂದಿನ ಗೋಡೆಯನ್ನು ಬೆರಳಿನಿಂದ ಒರೆಸಿ ತೋರಿಸಿ. ಸುಣ್ಣ ಬಳಿದರೆ ಎರಡು ವಾರ ಮರೆಯಾಗುತ್ತದೆ, ಮತ್ತೆ ಅದೇ ಜಾಗದಲ್ಲಿ ಏಳುತ್ತದೆ. ಹಾಗೆ ಹಿಡಿದ ಮನೆಯ ಕಲ್ಲು ಕಿತ್ತು, ಗಾರೆ ಕೆರೆದು, ಹೊಸದು ಹಾಕಬೇಕು; ಆಮೇಲೂ ಬಂದರೆ ಮನೆಯನ್ನೇ ಕೆಡವಬೇಕು ಎನ್ನುತ್ತದೆ 14ನೆಯ ಅಧ್ಯಾಯ. ಪಾಪದ ಬಗ್ಗೆ ಇಷ್ಟು ಹೇಳಿದರೆ ಸಾಕು: ಮೇಲೆ ಬಳಿದು ಮುಚ್ಚುವಂಥದ್ದಲ್ಲ. ಇಂದಿನ ಕುಷ್ಠರೋಗಿಯನ್ನು ಮಾತ್ರ ಪಾಪಿಗೆ ಹೋಲಿಸಬೇಡಿ. ಅದು ಸರ್ಕಾರಿ ಆಸ್ಪತ್ರೆಯ ಉಚಿತ ಮಾತ್ರೆಗಳಿಂದ 6 ಅಥವಾ 12 ತಿಂಗಳಲ್ಲಿ ವಾಸಿಯಾಗುವ ಕಾಯಿಲೆ. ಆ ನೋವುಂಡ ಮನೆಯವರು ನಿಮ್ಮೆದುರೇ ಕೂತಿರಬಹುದು.

ಇನ್ನು ಪಾಠದ ಜೀವಾಳ. ಆ ಮನುಷ್ಯ ‘ನಿನಗೆ ಮನಸ್ಸಿದ್ದರೆ’ ಎಂದ. ಶಕ್ತಿಯ ಬಗ್ಗೆ ಅವನಿಗೆ ಅನುಮಾನವಿಲ್ಲ, ಮನಸ್ಸಿನ ಬಗ್ಗೆ ಉಂಟು. ಯಾಜಕಕಾಂಡದ ನಿಯಮದಂತೆ ಬಟ್ಟೆ ಹರಿದುಕೊಂಡು, ‘ಅಶುದ್ಧ, ಅಶುದ್ಧ’ ಎಂದು ಕೂಗುತ್ತ ಊರ ಹೊರಗೆ ಇರಬೇಕಾದವನು ಹಾಗೆ ಕೇಳುವುದು ಸಹಜವೇ. ಯೇಸು ಮೊದಲು ಕೈಚಾಚಿ ಮುಟ್ಟಿದ, ಆಮೇಲೆ ‘ನನಗೆ ಮನಸ್ಸುಂಟು’ ಎಂದ. ಮುಟ್ಟದೆ ವಾಸಿಮಾಡಲು ಆತನಿಗೆ ಬರುತ್ತಿರಲಿಲ್ಲವೇ? ಲೂಕ 17ರಲ್ಲಿ ದೂರ ನಿಂತ ಹತ್ತು ಮಂದಿಯನ್ನು ಮುಟ್ಟದೆಯೇ ಶುದ್ಧಮಾಡಿದ್ದಾನೆ. ಶಕ್ತಿಗೆ ಮುಟ್ಟುವ ಅಗತ್ಯವಿರಲಿಲ್ಲ; ಆ ಮನುಷ್ಯನ ಅನುಮಾನಕ್ಕಿತ್ತು. ಇಲ್ಲಿ ಹತ್ತು ನಿಮಿಷ ನಿಲ್ಲಿ, ಅವಸರ ಬೇಡ. ‘ಉಂಟು’ ನಮ್ಮ ಕರಾವಳಿಯ ದಿನದ ಮಾತು. ಅಂಗಡಿಯಲ್ಲಿ ‘ಅಕ್ಕಿ ಉಂಟಾ’ ಎಂದು ಕೇಳಿದರೆ ಬರುವಷ್ಟು ನೇರವಾಗಿ ಈ ಉತ್ತರವೂ ಬಂದಿದೆ.

ಈಗ ಮಾರ್ಕ 9:14–29. ದೆವ್ವ ಹಿಡಿದ ಮಗನನ್ನು ಯೇಸುವಿನ ಬಳಿ ಕರೆತಂದ ಅಪ್ಪನ ಅನುಮಾನ ಉಲ್ಟಾ: ನಿನ್ನಿಂದ ಏನಾದರೂ ಆಗುವುದಾದರೆ ಮಾಡು, ಎನ್ನುತ್ತಾನೆ. ಕೂಟದಲ್ಲಿಯೂ ಈ ಎರಡೂ ಬಗೆಯವರು ಇರುತ್ತಾರೆ. ‘ದೇವರಿಗೆ ಆಗ್ತದೆ, ಆದ್ರೆ ನನ್ನಂಥವನಿಗೆ ಯಾಕೆ ಮಾಡ್ತಾನೆ’ ಎನ್ನುವವರು ಒಂದು ಕಡೆ. ‘ಕ್ಷಮಿಸ್ತಾನೆ, ಆದ್ರೆ ಈ ಚಟ ಬಿಡಿಸ್ಲಿಕ್ಕೆ ಯಾರಿಂದ್ಲೂ ಆಗೂದಿಲ್ಲ’ ಎನ್ನುವವರು ಇನ್ನೊಂದು ಕಡೆ. ಪಾಠ ಕೆಡುವುದು ಹೆಚ್ಚಾಗಿ ಇಲ್ಲೇ. ಮೊದಲನೆಯವರಿಗೆ ದೇವರ ಮಹಾಶಕ್ತಿಯ ವಚನಗಳನ್ನು ಸುರಿದರೆ ಅವರು ಇನ್ನಷ್ಟು ಮುದುಡುತ್ತಾರೆ. ಅವರಿಗೆ ಬೇಕಾದ್ದು ಯೆಹೆಜ್ಕೇಲ 33:11 (ದುಷ್ಟನ ಸಾವಿನಲ್ಲಿ ದೇವರಿಗೆ ಸಂತೋಷವಿಲ್ಲ) ಮತ್ತು 1 ತಿಮೊಥೆ 2:4 (ಎಲ್ಲರೂ ರಕ್ಷಣೆ ಹೊಂದಬೇಕೆಂಬುದು ದೇವರ ಮನಸ್ಸು). ಎರಡನೆಯವರಿಗೆ ಇಬ್ರಿಯ 7:25 (ಯೇಸು ಸಂಪೂರ್ಣವಾಗಿ ರಕ್ಷಿಸಬಲ್ಲ). ಯಾರು ಯಾವ ಕಡೆ ಎಂದು ತಿಳಿಯದಿದ್ದರೆ ಕೇಳಿ: ‘ಇವರಿಬ್ಬರಲ್ಲಿ ಯಾರ ಮಾತು ನಿಮ್ಮದು?’ ಉತ್ತರ ಬರುವ ತನಕ ಸುಮ್ಮನಿರಿ.

ಪಾಪಗಳನ್ನು ಎಲ್ಲರೆದುರು ಹೇಳಿಸಬೇಡಿ. ಕೇರಿಯಲ್ಲಿ ಎಲ್ಲರೂ ನೆಂಟರೇ, ಬೆಳಗಾಗುವುದರೊಳಗೆ ಮೀನು ಮಾರ್ಕೆಟ್ಟಿಗೆ ಮುಟ್ಟುತ್ತದೆ. ಹೇಳಿಕೊಂಡವರು ಮತ್ತೆ ಬರುವುದಿಲ್ಲ. ಕಥೋಲಿಕರನ್ನು ಪಾಪನಿವೇದನೆಗೆ ಕಳಿಸಿ. ಅಲ್ಲಿ ಕೇಳಿದ್ದನ್ನು ಫಾದರ್ ಯಾರಿಗೂ ಹೇಳುವಂತಿಲ್ಲ ಎಂಬುದು ಸಭೆಯ ಕಾನೂನು. ಉಳಿದವರು ಪಾಸ್ಟರ್ ಜತೆ ಒಬ್ಬರೇ ಕೂತು ಮಾತಾಡಲಿ. ಕೂಟದಲ್ಲಿ 1 ಯೋಹಾನ 1:9 (ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ) ಓದಿ ಎರಡು ನಿಮಿಷ ಮೌನ, ಬಳಿಕ ಚಿಕ್ಕ ಪ್ರಾರ್ಥನೆ.

ಕ್ಷಮೆ ಸಂಪಾದಿಸುವಂಥದ್ದಲ್ಲ, ಆದರೆ ಪಡೆದವರ ಕೈ ಸುಮ್ಮನಿರದು. ಸುಂಕ ವಸೂಲಿಯ ಜಕ್ಕಾಯ ಯೇಸುವಿನೆದುರು, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂತಿರುಗಿಸುತ್ತೇನೆಂದ. ಬೋಟಿನ ಪಾಲಿನಲ್ಲಿ ಜತೆಗಾರನಿಗೆ ಕಡಿಮೆ ಕೊಟ್ಟಿದ್ದರೆ ಮೊತ್ತ, ದಿನ ಬರೆದುಕೊಂಡು ಆಗಸ್ಟ್‌ನ ಮೊದಲ ಪಾಲಿನಲ್ಲೇ ತೀರಿಸಲು ಹೇಳಿ. ವರ್ಷಗಟ್ಟಲೆ ದಿನವೂ ಕುಡಿದವರು ‘ಇವತ್ತೇ ಬಿಟ್ಟೆ’ ಎಂದರೆ ಸಂತೋಷಪಡಿ, ಆದರೆ ಅಂದೇ ಆಸ್ಪತ್ರೆಗೂ ಕರೆದುಕೊಂಡು ಹೋಗಿ. ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು.

ಮತ್ತೆ ಹಳೆಯ ಚಟಕ್ಕೆ ಬಿದ್ದವರು ಮುಂದಿನ ವಾರ ಬರಲು ನಾಚುತ್ತಾರೆ. ಫೋನ್ ಮಾಡಬೇಡಿ, ಮನೆಗೇ ಹೋಗಿ. ಹೋಗುವಾಗ ಮುಂದಿನ ಪಾಠದ ಹಾಳೆಯನ್ನೂ ಕೊಂಡುಹೋಗಿ: ಮಾರ್ಕ 2:1–12, ನಾಲ್ವರು ಮಾಡು ಬಿಚ್ಚಿ ಪಾರ್ಶ್ವವಾಯು ಹಿಡಿದವನನ್ನು ಯೇಸುವಿನ ಮುಂದೆ ಇಳಿಸಿದ ಭಾಗ.