ಕಂಪನಿ ಹಣ ಕೊಟ್ಟಾಗ ನಾನು ವಿಮರ್ಶೆ ಬರೆಯುವ ರೀತಿ

ಇಸ್ರೇಲಿನ ರಾಮತ್ ಗಾನ್‌ನಲ್ಲಿದ್ದು ಅಡುಗೆಮನೆ ಸಾಮಾನುಗಳ ವಿಮರ್ಶೆ ಬರೆಯುತ್ತೇನೆ. ಜಾಸ್ತಿ ಬರೆದದ್ದು ಪ್ಲಾಟಾ ಬಗ್ಗೆ. ಯೆಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಂದು ಒಲೆ ಹಚ್ಚುವಂತಿಲ್ಲ. ಹಾಗಾಗಿ ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಈ ವಿದ್ಯುತ್ ತಟ್ಟೆಯೇ ಊಟ ಬಿಸಿಯಾಗಿಡಬೇಕು. ಅದು ಕೈಕೊಟ್ಟರೆ ಮನೆಮಂದಿಗೆಲ್ಲ ತಣ್ಣನೆ ಊಟ. ಕೆಲವು ಕಂಪನಿಗಳು ವಿಮರ್ಶೆಗೆ ಹಣ ಕೊಡುತ್ತವೆ. ತೆಗೆದುಕೊಳ್ಳಬಹುದೇ ಎಂದು ಯೆಹೂದಿ ಕಾನೂನಿನಲ್ಲೇ ಹುಡುಕಿದೆ. ನನ್ನ ಓದುಗರು ಅದನ್ನೇ ಪಾಲಿಸುವವರು ಅಲ್ವಾ?

ಮೊದಲು ಸಿಗುವುದು 'ಗೆನೇವತ್ ದಾಅತ್'. ಇನ್ನೊಬ್ಬರ ಮನಸ್ಸಿನಲ್ಲಿ ತಪ್ಪು ಅಭಿಪ್ರಾಯ ಹುಟ್ಟಿಸುವುದು. ಬಾಯಿಬಿಟ್ಟು ಸುಳ್ಳು ಹೇಳದೆಯೂ ಇದು ಆಗುತ್ತದೆ. ಯೆಹೂದಿಯಲ್ಲದವರಿಗೂ ಹೀಗೆ ಮಾಡಬಾರದು ಎಂದು ಯೆಹೂದಿ ಕಾನೂನಿನ ಹಳೆಯ ಗ್ರಂಥ ತಾಲ್ಮುದ್‌ನ ಹುಲ್ಲಿನ್ ಭಾಗದಲ್ಲಿ ಶ್ಮುಎಲ್ ಎಂಬ ಪಂಡಿತ ಹೇಳುತ್ತಾನೆ. ಬೈಬಲಿನ ಯಾಜಕಕಾಂಡ 19:14 ಕುರುಡನ ದಾರಿಯಲ್ಲಿ ಎಡವುಗಲ್ಲು ಇಡಬೇಡ ಎನ್ನುತ್ತದೆ. ಒಬ್ಬನ ಹೊಲದ ಮೇಲೆ ಕಣ್ಣಿಟ್ಟು, ಅದನ್ನು ಮಾರಿ ಕತ್ತೆ ಕೊಂಡುಕೋ ಎಂದು ಅವನಿಗೇ ಸಲಹೆ ಕೊಡುವುದೂ ಅಂಥದ್ದೇ ಕಲ್ಲು ಎಂದು ಹಳೆಯ ವ್ಯಾಖ್ಯಾನ. ಆದ್ದರಿಂದ ಹಣ ಪಡೆದಿದ್ದರೆ ಮೊದಲ ಸಾಲಿನಲ್ಲೇ ಹೇಳುತ್ತೇನೆ.

ಅಷ್ಟು ಸಾಕಾಗುವುದಿಲ್ಲ. ತಾಲ್ಮುದ್‌ನ ಕೆತುಬೋತ್ ಭಾಗದ 105ನೇ ಹಾಳೆಯಲ್ಲಿ ಯೋಸೆಯ ಮಗ ಇಷ್ಮಾಯೇಲ್ ಎಂಬ ರಬ್ಬಿಯ, ಅಂದರೆ ಯೆಹೂದಿ ಧರ್ಮಗುರುವಿನ, ಕಥೆ ಇದೆ. ಅವನದೇ ತೋಟದ ಹಣ್ಣನ್ನು ಗೇಣಿದಾರ ಪ್ರತಿ ಶುಕ್ರವಾರ ತರುತ್ತಿದ್ದ. ಒಂದು ವಾರ ರಬ್ಬಿಯ ಮುಂದೆ ತೀರ್ಪಿಗೆ ತನ್ನ ವ್ಯಾಜ್ಯ ಇದ್ದದ್ದರಿಂದ ಗುರುವಾರವೇ ತಂದ. ರಬ್ಬಿ ಬುಟ್ಟಿ ಮುಟ್ಟಲಿಲ್ಲ, ತೀರ್ಪನ್ನೂ ಬೇರೆಯವರಿಗೆ ಬಿಟ್ಟ. ಆದರೂ 'ಅವನು ಹೀಗೆ ವಾದಿಸಬಹುದಿತ್ತು' ಎಂದು ಅವನ ಮನಸ್ಸು ಗೇಣಿದಾರನ ಕಡೆಗೇ ವಾಲುತ್ತಿತ್ತು. ತೆಗೆದುಕೊಳ್ಳದವನ ಪಾಡೇ ಹೀಗಾದರೆ ತೆಗೆದುಕೊಂಡವರ ಪಾಡೇನು ಎಂದು ಅವನೇ ಕೇಳುತ್ತಾನೆ. ವಿಮರ್ಶಕ ನ್ಯಾಯಾಧೀಶನಲ್ಲ, ನ್ಯಾಯಾಧೀಶ ಲಂಚ ಮುಟ್ಟಬಾರದು ಎಂಬ ನಿಯಮ ನೇರವಾಗಿ ನನಗೆ ಅನ್ವಯಿಸುವುದಿಲ್ಲ. ಆದರೆ ಮನಸ್ಸು ವಾಲುವುದು ಇಬ್ಬರಿಗೂ ಒಂದೇ. ಅದಕ್ಕೇ ಹಣ ಕೊಟ್ಟ ಕಂಪನಿಯ ತಟ್ಟೆ ಯಾವುದೆಂದು ತಿಳಿಯದ ಪಕ್ಕದ ಮನೆಯವರಿಂದ ಅಂಕ ಹಾಕಿಸುತ್ತೇನೆ. ಬಿಸಿಯನ್ನು ಥರ್ಮಾಮೀಟರ್‌ನಲ್ಲಿ ಅಳೆದು ಬರೆದಿಡುತ್ತೇನೆ.

ಹಾಗಾದರೆ ಹಣವೇ ಬೇಡವೇ? ಅದೇ ಪುಟಗಳಲ್ಲಿ ಕರ್ನಾ ಎಂಬ ಬ್ಯಾಬಿಲೋನಿನ ನ್ಯಾಯಾಧೀಶ ಬರುತ್ತಾನೆ. ಉಗ್ರಾಣದ ದ್ರಾಕ್ಷಾರಸ ಮೂಸಿ ಅದು ಉಳಿಯುತ್ತದೋ ಕೆಡುತ್ತದೋ ಹೇಳುವುದು ಅವನ ಕಸುಬು, ಅದಕ್ಕೆ ಕೂಲಿ ಒಂದು ಝೂಝ್ ನಾಣ್ಯ. ತೀರ್ಪಿಗೆ ಕೂತರೆ ಆ ಕೂಲಿ ತಪ್ಪುತ್ತಿತ್ತು. ಆ ನಷ್ಟಕ್ಕೆ ಎರಡೂ ಕಡೆಯಿಂದ ಸಮನಾಗಿ ಪಡೆಯುತ್ತಿದ್ದ. ನಾನು ಹಿಡಿದದ್ದು ಇದೇ ದಾರಿ. ನನ್ನ ಸಮಯಕ್ಕೆ ಒಂದೇ ದರ, ಎಲ್ಲ ಕಂಪನಿಗೂ. ಪರೀಕ್ಷೆಗೆ ಮೊದಲೇ ಪಾವತಿ. ಮಾರಾಟದ ಮೇಲೆ ಕಮಿಷನ್ ಬೇಡ. ತಟ್ಟೆ ವಾಪಸ್.

ಕೆಟ್ಟದ್ದು ಬರೆಯುವಾಗ ರಬ್ಬಿ ಇಸ್ರೇಲ್ ಮೇಯರ್ ಕಗಾನ್ ಚಾಡಿಯ ಬಗ್ಗೆ ಹಾಕಿದ ಷರತ್ತುಗಳನ್ನು ನೋಡುತ್ತೇನೆ. ನಾನೇ ಕಂಡಿರಬೇಕು, ಉಬ್ಬಿಸಬಾರದು, ಕೊಳ್ಳುವವರಿಗೆ ಪ್ರಯೋಜನ ಆಗಬೇಕು. ಒಂದು ಮೂಲೆ ಮಾತ್ರ ತಣ್ಣಗಿದ್ದರೆ ಮೂಲೆ ತಣ್ಣಗಿದೆ ಎಂದಷ್ಟೇ ಬರೆಯುತ್ತೇನೆ. ಪ್ರಕಟಣೆಗೆ ಮೊದಲು ಕರಡು ತೋರಿಸಿ ಎನ್ನುವ ಕಂಪನಿಗಳ ಹಣ ತೆಗೆದುಕೊಳ್ಳುವುದಿಲ್ಲ.