‘ಸೊಕ್ಕು’ ಎನ್ನುವ ಮೊದಲು: ಕಚೇರಿಯ ಜಗಳಕ್ಕೆ ಉತ್ತರಿಸುವ ಕ್ರಮ

ಕಾಸರಗೋಡಿನ ಕಚೇರಿಗಳಲ್ಲಿ ಎಷ್ಟೋ ಮನಸ್ತಾಪಕ್ಕೆ ಕೆಲಸ ಕಾರಣವಲ್ಲ, ಸರ್ವನಾಮ ಕಾರಣ. ಇಲ್ಲಿನ ಮಲಯಾಳದಲ್ಲಿ ‘ನಿಙ್ಙಳ್’ (ನೀವು) ಮರ್ಯಾದೆಯ ಮಾತೇ. ತಿರುವನಂತಪುರದ ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಗೆ ಅದು ಒರಟಾಗಿ ಕೇಳಬಹುದು. ಅಲ್ಲಿ ಮೇಲಿನವರನ್ನು ‘ಸಾರ್’ ಎಂದೇ ಕರೆಯುವುದು ರೂಢಿ. ನಮ್ಮ ‘ನೀವು’ವನ್ನು ಹಾಗೇ ಮಲಯಾಳಕ್ಕೆ ತಿರುಗಿಸಿದ ಗುಮಾಸ್ತರಿಗೆ ಎಲ್ಲಿ ತಪ್ಪಿತೆಂದೇ ತಿಳಿಯುವುದಿಲ್ಲ. ಅಷ್ಟರಲ್ಲಿ ಅತ್ತ ‘ಸೊಕ್ಕು’ ಎಂಬ ತೀರ್ಪು ಆಗಿಬಿಟ್ಟಿರುತ್ತದೆ.

ಹಾಗಾಗಿ ಬಾಯಿ ತೆರೆಯುವ ಮೊದಲು ಒಂದು ಕಾಗದ ತೆಗೆದು ನಡುವೆ ಗೆರೆ ಎಳೆಯಿರಿ. ಎಡಗಡೆ ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ. ಬಲಗಡೆ ನಿಮಗೆ ಅನಿಸಿದ್ದು. “ಅವರಿಗೆ ಕೆಲಸದ ಮೇಲೆ ಗಮನವೇ ಇಲ್ಲ” ಬಲಕ್ಕೆ ಹೋಗಲಿ. “ಸೋಮವಾರ, ಬುಧವಾರ ಚಿನ್ನದ ಸಾಲದ ಕೌಂಟರ್ 10.20ಕ್ಕೆ ತೆರೆಯಿತು, ಆಗ ಆರು ಮಂದಿ ಕಾಯುತ್ತಿದ್ದರು” ಎಡಕ್ಕೆ. ಎಡಗಡೆ ‘ಯಾವಾಗಲೂ’, ‘ಒಮ್ಮೆಯೂ’, ‘ಬೇಕೆಂದೇ’ ಕಂಡರೆ ಹೊಡೆದುಹಾಕಿ. ಮೊದಲೆರಡು ಲೆಕ್ಕಕ್ಕೆ ನಿಲ್ಲುವುದಿಲ್ಲ: ಒಂದು ದಿನ ಹೊತ್ತಿಗೆ ಸರಿಯಾಗಿ ಬಂದಿದ್ದರೂ ಎದುರಿನವರು ಅದನ್ನೇ ಹಿಡಿದು ವಾದಿಸುತ್ತಾರೆ. ಮೂರನೆಯದು ಅವರ ಮನಸ್ಸಿನೊಳಗಿನ ಸಂಗತಿ, ನಿಮಗೆ ಕಾಣುವಂಥದ್ದಲ್ಲ.

ಗಿರಾಕಿಗಳ ಎದುರು ಮಾತು ಬೇಡ. “ಮೂರೂವರೆಗೆ ಜನ ಕಡಿಮೆಯಾಗ್ತದೆ, ಒಳಗೆ ಕೂತು ಮಾತಾಡುವ” ಎಂದು ಹೊತ್ತು ಗೊತ್ತುಮಾಡಿ. ಬರೇ ‘ಆಮೇಲೆ ನೋಡುವ’ ಅಂದರೆ ಬೆದರಿಕೆಯ ಹಾಗೆ ಕೇಳುತ್ತದೆ.

ಕೂತಾಗ ಹೇಳುವ ಕ್ರಮ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಷಲ್ ರೋಸೆನ್‌ಬರ್ಗ್ (1934–2015) ರೂಪಿಸಿದ್ದು: ನಡೆದದ್ದು, ನನಗಾದದ್ದು, ನನಗೆ ಬೇಕಾದದ್ದು, ಕೇಳಿಕೆ. “ಶೆಟ್ರೇ, ಸೋಮವಾರ, ಬುಧವಾರ ಕೌಂಟರ್ 10.20ಕ್ಕೆ ತೆರೀತು. ಜನ ನನ್ನ ಹತ್ರ ಬಂದು ಕೇಳುವಾಗ ನನಗೆ ಗಾಬರಿ ಆಗ್ತದೆ. ನನ್ನ ಕ್ಯಾಶ್ ಲೆಕ್ಕ ತಪ್ಪಬಾರದು. ತಡ ಆಗುವ ದಿನ 9.45ರ ಒಳಗೆ ಒಂದು ಫೋನು ಮಾಡ್ತೀರಾ?”

ಹೆಚ್ಚಿನವರು ಎಡವುವುದು ಎರಡನೆಯದರಲ್ಲಿ. “ನನ್ನನ್ನು ಕಡೆಗಣಿಸಿದ ಹಾಗೆ ಅನಿಸ್ತದೆ” ಎಂಬುದು ಭಾವನೆಯ ವೇಷ ಹಾಕಿದ ಆರೋಪ. ಬೇಜಾರು, ಹೆದರಿಕೆ, ಸುಸ್ತು ಮುಂತಾದ ನಿಮ್ಮ ಒಳಗಿನದನ್ನಷ್ಟೇ ಹೇಳಿ. “ಸ್ವಲ್ಪ ಜವಾಬ್ದಾರಿ ಇರಲಿ” ಎಂಬುದೂ ಕೇಳಿಕೆಯಲ್ಲ. ನಾಳೆ ಬೆಳಿಗ್ಗೆ ಮಾಡಿದರೋ ಇಲ್ಲವೋ ಎಂದು ನೋಡಲು ಬರುವಂತಿರಬೇಕು. ಅವರು ‘ಆಗುವುದಿಲ್ಲ’ ಅನ್ನಲೂ ಎಡೆ ಇರಲಿ. ಇಲ್ಲದಿದ್ದರೆ ಅದು ಮೆಮೋ.

ಬೈಗುಳ ನಿಮ್ಮ ಕಡೆ ಬಂದಾಗಲೂ ಇದೇ ಲೆಕ್ಕ, ತಿರುಗಿಸಿ: “ಯಾವ ದಿನದ್ದು ಹೇಳ್ತಾ ಇದ್ದೀರಿ?” ಎಂದು ಕೇಳಿ. ಉತ್ತರ ಕೊಡುವ ಮೊದಲು ಅವರು ಹೇಳಿದ್ದನ್ನು ಒಮ್ಮೆ ನೀವೇ ಹೇಳಿ ತೋರಿಸಿ. ಏಳು ಭಾಷೆಯ ಊರಿನಲ್ಲಿ ಇದು ಬರೇ ಸೌಜನ್ಯವಲ್ಲ. ಮಲಯಾಳದ ‘ಅವಸರಂ’ ಎಂದರೆ ಅವಕಾಶ. ‘ಅವಸರ ಕೊಡಿ’ ಎಂದ ಸಹೋದ್ಯೋಗಿ ನಿಮ್ಮನ್ನು ಗಡಿಬಿಡಿ ಮಾಡುತ್ತಿಲ್ಲ.

ಲೈಂಗಿಕ ಕಿರುಕುಳಕ್ಕೆ ಈ ಮಾತುಕತೆ ಸಲ್ಲದು. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕಡೆಯ ಮಹಿಳೆಯರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ದೂರು ಬರಹದಲ್ಲಿ, ಸಾಮಾನ್ಯವಾಗಿ ಮೂರು ತಿಂಗಳೊಳಗೆ. ಎಡಗಡೆ ಬರೆದಿಟ್ಟ ದಿನ, ಹೊತ್ತು, ಆಡಿದ ಮಾತು ಅಲ್ಲಿ ಉಪಯೋಗಕ್ಕೆ ಬರುತ್ತದೆ, ಕಾಗದ ಹರಿಯಬೇಡಿ.