ಕೈಯಲ್ಲೇ ಬಡಿದು ಬೈಕಿಗೊಂದು ಹೆಡ್‌ಲೈಟ್ ಡೂಮ್

ಹಳೆ ಬೈಕಿಗೆ ಹೊಸ ರೂಪ ಕೊಡುವ ಹುಡುಗರು ನಮ್ಮ ಶೆಡ್ಡಿಗೆ ತರುವ ತಗಡುಗಳು ಹೆಚ್ಚಾಗಿ ಒಂದೇ ತರಹ ಹಾಳಾಗಿರುತ್ತವೆ. ನಡುವೆ ತೂತು, ಸುತ್ತ ಅಂಚಿನಲ್ಲಿ ಸೀರೆಯ ನೆರಿಗೆಯಂಥ ಸುಕ್ಕು. ವಿಡಿಯೊ ನೋಡಿ, ಮರಳಿನ ಚೀಲದ ಮೇಲೆ ತಗಡು ಇಟ್ಟು, ನಡುವಿಗೇ ಬಡಿದು ಬಡಿದು ತಂದಿರುತ್ತಾರೆ. "ಇನ್ನು ಸ್ವಲ್ಪ ಬಡಿದಿದ್ರೆ ಆಳ ಬರ್ತಿತ್ತು ಅಣ್ಣ, ಅಷ್ಟರಲ್ಲಿ ಹರಿದೋಯ್ತು" ಅನ್ನುತ್ತಾರೆ. ಬರುತ್ತಿರಲಿಲ್ಲ. ಲೆಕ್ಕ ನೋಡಿ.

7 ಇಂಚಿನ ಹೆಡ್‌ಲೈಟ್ ಕೂರುವ, ಅರ್ಧ ಚೆಂಡಿನ ಆಕಾರದ ಡೂಮ್‌ಗೆ ಬಾಯಿ ಸುಮಾರು 19 ಸೆಂ.ಮೀ. ಬೇಕು. 19 ಸೆಂ.ಮೀ. ಬಿಲ್ಲೆಯನ್ನೇ ಹಿಗ್ಗಿಸಿ ಅರ್ಧ ಚೆಂಡು ಮಾಡಲು ಹೋದರೆ ಅದರ ಮೇಲ್ಮೈ ಎರಡು ಪಟ್ಟಾಗಬೇಕು. 1.2 ಮಿ.ಮೀ. ತಗಡು ಸರಾಸರಿ 0.6ಕ್ಕೆ ಇಳಿಯುತ್ತದೆ, ನಡುವೆ ಇನ್ನೂ ತೆಳು. ಹರಿಯದೆ ಇನ್ನೇನು? ದೊಡ್ಡ ಬಿಲ್ಲೆ ತೆಗೆದುಕೊಂಡು ಅಂಚನ್ನು ಕುಗ್ಗಿಸಬೇಕು. ನಡು ಸ್ವಲ್ಪ ಹಿಗ್ಗಲಿ, ಅಂಚು ಜಾಸ್ತಿ ಕುಗ್ಗಲಿ. ಕೆಲಸ ಇರುವುದು ಅಂಚಿನಲ್ಲಿ.

1. ತಗಡು

ಮೊದಲ ಸಲಕ್ಕೆ 18 ಗೇಜ್ (1.2 ಮಿ.ಮೀ.) ಅಲ್ಯೂಮಿನಿಯಂ ತೆಗೆದುಕೊಳ್ಳಿ. 1100 ಅಥವಾ 3003 ದರ್ಜೆಯದ್ದು ಎಂದು ಕೇಳಿ. 6061 ಕೊಟ್ಟರೆ ಬೇಡ ಎನ್ನಿ, ಅದು ಈ ಕೆಲಸಕ್ಕೆ ತೀರಾ ಗಟ್ಟಿ.

ನಮ್ಮ ಊರಿನಲ್ಲಿ ಮಳೆಗೆ ಹೆದರಿ ಎಲ್ಲರೂ ತಾರಸಿಗೆ ಶೀಟ್ ಹೊದಿಸುತ್ತಾರೆ. ಉಳಿದ ತುಂಡು ಮನೆಯ ಹಿಂದೆ ಬಿದ್ದಿರುತ್ತದೆ, ಅದರಲ್ಲೇ ಕಲಿಯೋಣ ಅನಿಸುತ್ತದೆ. ಬೇಡ. ಆ ಬಣ್ಣದ ಶೀಟ್ ಬಾಗುತ್ತದೆಯೇ ಹೊರತು ಹಿಗ್ಗುವುದಿಲ್ಲ, ಕುಗ್ಗುವುದೂ ಇಲ್ಲ. ಜಿಐ (ಸತು ಲೇಪಿಸಿದ ಕಬ್ಬಿಣದ) ಶೀಟನ್ನಂತೂ ಬೆಂಕಿಯ ಹತ್ತಿರ ತರಲೇಬೇಡಿ. ಅದರ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಖಂಡಿತ.

2. ಸಾಮಾನು

ಮರದ ಕೊಡತಿ, ಮರಳಿನ ಚೀಲ, ಉರುಟು ತಲೆಯ ಕಬ್ಬಿಣದ ಅಡಿಗಲ್ಲು ಅಥವಾ ಟಿಂಕರಿಂಗ್‌ನವರ ಡಾಲಿ (ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ), ನಯ ಮುಖದ ಸಣ್ಣ ಸುತ್ತಿಗೆ, ತಗಡು ಕತ್ತರಿ, ಅರ, ಗ್ಯಾಸ್ ಟಾರ್ಚ್. ಕೊಡತಿಗೆ ನನ್ನ ಆಯ್ಕೆ ಹುಣಸೆ ಮರ. ಅಂಗಡಿಯ ಪ್ಲಾಸ್ಟಿಕ್ ತಲೆಯ ಅಗ್ಗದ ಸುತ್ತಿಗೆ ನಾಲ್ಕು ದಿನದಲ್ಲಿ ಚೂರಾಗುತ್ತದೆ, ಚೂರಾದ ಮುಖದ ಗುರುತೆಲ್ಲ ತಗಡಿನ ಮೇಲೆ ಮೂಡುತ್ತದೆ.

ಚೀಲಕ್ಕೆ ದಪ್ಪ ಚರ್ಮ ಒಳ್ಳೆಯದು. ಹಳೆ ಜೀನ್ಸ್ ಪ್ಯಾಂಟಿನ ಕಾಲನ್ನು ಎರಡು ಪದರ ಹೊಲಿದರೂ ನಡೆಯುತ್ತದೆ. ಮರಳು ಮಾತ್ರ ಪಣಂಬೂರಿನದ್ದೋ ಮಲ್ಪೆಯದ್ದೋ ಕಡಲ ಮರಳಾಗಬಾರದು. ಉಪ್ಪು ನೀರನ್ನು ಎಳೆಯುತ್ತದೆ, ಚೀಲ ಸದಾ ಒದ್ದೆ, ಹತ್ತಿರ ಇಟ್ಟ ಸುತ್ತಿಗೆಗೆಲ್ಲ ತುಕ್ಕು. ಜರಡಿ ಹಿಡಿದ ಹೊಳೆ ಮರಳನ್ನು ಬಿಸಿಲಲ್ಲಿ ಒಣಗಿಸಿ ಮುಕ್ಕಾಲು ಭಾಗ ತುಂಬಿ.

3. ಅಳತೆ

ಡೂಮ್‌ನಷ್ಟೇ ದೊಡ್ಡ ಪಾತ್ರೆಯೊಂದನ್ನು ಕವುಚಿ ಹಾಕಿ, ಮೇಲೆ ಪೇಪರ್ ಹಾಳೆ ಹೊದಿಸಿ ಕೈಯಲ್ಲಿ ಒತ್ತಿ. ಪೇಪರ್ ಎಲ್ಲಿ ಮಡಚಿಕೊಳ್ಳುತ್ತದೋ ಅಲ್ಲಿ ತಗಡು ಕುಗ್ಗಬೇಕು. ಎಲ್ಲಿ ಹರಿಯುತ್ತದೋ ಅಲ್ಲಿ ಹಿಗ್ಗಬೇಕು. ಮಡ್‌ಗಾರ್ಡ್ ಇರಲಿ, ಪೆಟ್ರೋಲ್ ಟ್ಯಾಂಕ್ ಇರಲಿ, ಇದೇ ಪರೀಕ್ಷೆ. ನಮ್ಮ ಡೂಮ್‌ಗೆ 25 ಸೆಂ.ಮೀ. ಅಗಲದ ದುಂಡು ಬಿಲ್ಲೆ ಸಾಕು. ಅಂಚಿಗೆ ತಂತಿ ಸುತ್ತುವುದಾದರೆ 26.5. ಕತ್ತರಿಸಿದ ಮೇಲೆ ಅಂಚನ್ನು ಅರದಿಂದ ಪೂರ್ತಿ ನಯ ಮಾಡಿ. ಕೂದಲೆಳೆಯಷ್ಟು ಕಚ್ಚು ಉಳಿದರೂ ಬಿರುಕು ಅಲ್ಲಿಂದಲೇ ಶುರು.

4. ಮೆದು ಮಾಡುವುದು

ಪೆಟ್ಟು ತಿಂದಷ್ಟೂ ಲೋಹ ಗಟ್ಟಿಯಾಗುತ್ತದೆ. ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ತಾಮ್ರವಾದರೆ ಮಬ್ಬು ಕೆಂಪು ಬರುವವರೆಗೆ ಕಾಯಿಸಿ ನೀರಿಗೆ ಹಾಕಿದರಾಯಿತು, ಬಣ್ಣವೇ ಹೇಳುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಅದು ಕೆಂಪಾಗುವುದೇ ಇಲ್ಲ. 660 ಡಿಗ್ರಿ ದಾಟಿದ ಕೂಡಲೇ ಕಣ್ಣೆದುರೇ ಕುಸಿದು ಬೀಳುತ್ತದೆ. ಅದಕ್ಕೇ ಬಟ್ಟೆ ಒಗೆಯುವ ಬಾರ್ ಸಾಬೂನನ್ನು ಬಿಲ್ಲೆಯ ಮೇಲೆಲ್ಲ ಉಜ್ಜಿ, ಟಾರ್ಚನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಕಾಯಿಸಿ. ಸಾಬೂನು ಕಂದಾಗಿ ಕಪ್ಪಿಗೆ ತಿರುಗಿದ ಕೂಡಲೇ ಬೆಂಕಿ ತೆಗೆಯಿರಿ. ಆರಿದ ಮೇಲೆ ತೊಳೆಯಿರಿ.

5. ನಡು

ಚೀಲದ ಮೇಲಿಟ್ಟು ಕೊಡತಿಯಿಂದ ಸುತ್ತು ಸುತ್ತಾಗಿ ಬಡಿಯಿರಿ. ಊಟದ ತಟ್ಟೆಯಷ್ಟು ಆಳ ಬಂದರೆ ಸಾಕು, ನಿಲ್ಲಿಸಿ.

6. ಅಂಚು

ಬಿಲ್ಲೆಯ ಅಂಚು ಈಗ ಸುಮಾರು 78 ಸೆಂ.ಮೀ. ಸುತ್ತಳತೆ ಇದೆ. ಡೂಮ್‌ನ ಬಾಯಿ 60 ಸೆಂ.ಮೀ. ಉಳಿದ 18 ಸೆಂ.ಮೀ. ಎಲ್ಲಿ ಹೋಗಬೇಕು? ತಗಡಿನ ಒಳಗೇ ಹೋಗಬೇಕು. ಅಂಚು ದಪ್ಪವಾಗಿ ಅದನ್ನು ನುಂಗಬೇಕು. ಅದಕ್ಕೆ ಅಂಚಿನಲ್ಲಿ ಮಡಿಕೆ (ನೆರಿಗೆ) ಎಬ್ಬಿಸಿ, ತಟ್ಟಿ ಒಳಗೆ ಇಳಿಸಬೇಕು. ಒಂದು ಮಡಿಕೆ 6 ಮಿ.ಮೀ. ನುಂಗಿದರೆ ಒಟ್ಟು 30 ಮಡಿಕೆ ಬೇಕು. ಪ್ರತಿ ಸುತ್ತಿನಲ್ಲಿ ಎಂಟರಂತೆ ನಾಲ್ಕು ಸುತ್ತು. ಅರ್ಧ ದಿನದ ಕೆಲಸ, ಅವಸರ ಮಾಡಬೇಡಿ.

ಮಡಿಕೆ ಎಬ್ಬಿಸಲು ಕವೆಯಂಥ ಒಂದು ಸಾಧನ ಬೇಕು. ಹಳೆ ಸ್ಕ್ರೂಡ್ರೈವರಿನ ಎರಡು ಉರುಟು ಕಡ್ಡಿಗಳನ್ನು ತಗಡು ತೂರುವಷ್ಟು ಎಡೆ ಬಿಟ್ಟು ಒಂದು ಪೈಪಿಗೆ ವೆಲ್ಡ್ ಮಾಡಿಸಿ. ಅಂಚಿಗೆ ಸಿಕ್ಕಿಸಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಚಿದರೆ ಮಡಿಕೆ ಏಳುತ್ತದೆ. ಅದರ ಆಕಾರ ತ್ರಿಕೋನ. ಅಂಚಿನಲ್ಲಿ ಅಗಲ, ಮೂರು ನಾಲ್ಕು ಸೆಂ.ಮೀ. ಒಳಗೆ ಹೋಗುವಷ್ಟರಲ್ಲಿ ಚೂಪಾಗಿ ಮುಗಿಯಬೇಕು. ಎತ್ತರ ಅದರ ಅಗಲಕ್ಕಿಂತ ಕಡಿಮೆ ಇರಲಿ. ದುರಾಸೆಗೆ ಬಿದ್ದು ಎತ್ತರದ ಮಡಿಕೆ ಎಬ್ಬಿಸಿದರೆ ಪೆಟ್ಟು ಬಿದ್ದಾಗ ಅದು ಪಕ್ಕಕ್ಕೆ ಮಲಗುತ್ತದೆ. ಎದುರುಬದುರಾಗಿ ಎಬ್ಬಿಸುತ್ತಾ ಹೋಗಿ. ಮೊದಲು ಮೇಲೆ ಕೆಳಗೆ, ಆಮೇಲೆ ಎಡ ಬಲ, ನಂತರ ನಡುವಿನ ನಾಲ್ಕು. ಒಂದೇ ಬದಿಯಿಂದ ಸಾಲಾಗಿ ಹೋದರೆ ಡೂಮ್ ಸೊಟ್ಟಗಾಗುತ್ತದೆ.

ಎಲ್ಲರೂ ಎಡವುವುದು ಇದರ ನಂತರ. ಮಡಿಕೆಯ ನೆತ್ತಿಗೆ ಜೋರಾಗಿ ಒಂದು ಪೆಟ್ಟು ಕೊಡುತ್ತಾರೆ. ಚಪ್ಪಟೆ ಆಗುತ್ತದೆ ನಿಜ. ಆದರೆ ತಗಡು ಬದಿಗೆ ಜಾರಿ ಮೊದಲಿನಷ್ಟೇ ಉದ್ದವಾಗುತ್ತದೆ. ಪಟ್ಟ ಶ್ರಮ ಸುಮ್ನೆ ಹೋಯಿತು.

ಮೊದಲು ಅಂಚಿನಲ್ಲಿ ಮಡಿಕೆಯ ಬಾಯಿ ಮುಚ್ಚಬೇಕು. ಅಡಿಗಲ್ಲಿನ ಉರುಟು ತಲೆಯ ಮೇಲೆ ಇಟ್ಟು, ಅಂಚಿನ ಹತ್ತಿರ ಮಡಿಕೆಯ ಎರಡು ಹೆಗಲಿಗೂ ಕೊಡತಿಯಿಂದ ಹಗುರವಾಗಿ, ಒಮ್ಮೆ ಇತ್ತ ಒಮ್ಮೆ ಅತ್ತ ತಟ್ಟಿ. ಬಾಯಿ ಮುಚ್ಚಿದರೆ ಒಳಗಿನ ಉಬ್ಬಿಗೆ ಹೊರಗೆ ಓಡಲು ದಾರಿ ಇರುವುದಿಲ್ಲ. ಆಮೇಲೆ ಆ ಸಿಕ್ಕಿಬಿದ್ದ ಉಬ್ಬನ್ನು ಸಣ್ಣ ಸಣ್ಣ ಪೆಟ್ಟಿನಿಂದ ಇಳಿಸಿ. ಇಲ್ಲಿ ಕಬ್ಬಿಣದ ಸುತ್ತಿಗೆ ಮುಟ್ಟಬೇಡಿ. ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಸಿಕ್ಕಿದ ತಗಡು ಹಿಗ್ಗುತ್ತದೆ, ನಮಗೆ ಬೇಕಾದದ್ದು ಅದಕ್ಕೆ ಉಲ್ಟಾ. ಬಂದರಿನ ಹಳೆಯ ಟಿಂಕರ್ ಒಬ್ಬರು ನನ್ನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಹೊಡೆಯುದಲ್ಲ ಮಾರಾಯ್ರೆ, ಒಳಗೆ ಕಳಿಸುದು."

ಮಡಿಕೆ ಪಕ್ಕಕ್ಕೆ ಮಲಗಿ ಒಂದರ ಮೇಲೊಂದು ಬಂತೋ, ಕೂಡಲೇ ಕೈ ನಿಲ್ಲಿಸಿ. ಸ್ಕ್ರೂಡ್ರೈವರ್ ಹಾಕಿ ಬಿಡಿಸಿ, ಮತ್ತೆ ಸಾಬೂನು ಹಚ್ಚಿ ಕಾಯಿಸಿ, ಚಿಕ್ಕ ಮಡಿಕೆಯಾಗಿ ಎಬ್ಬಿಸಿ. ಮೇಲಿಂದ ಬಡಿದು ಮುಚ್ಚಿಟ್ಟರೆ ಒಳಗೆ ಬಿರುಕು ಉಳಿಯುತ್ತದೆ. ಬೈಕಿನ ನಡುಕಕ್ಕೆ ಅದು ಬಾಯಿ ಬಿಡದೆ ಇರುವುದಿಲ್ಲ.

ಎಂಟು ಮಡಿಕೆ ಇಳಿಸಿದ ಮೇಲೆ ಸುತ್ತಳತೆ ಅಳೆದು ಬರೆದಿಡಿ. ವರ್ನಿಯರ್ ಇದ್ದರೆ ಅಂಚಿನ ದಪ್ಪವನ್ನೂ ನೋಡಿ. 1.2ಕ್ಕಿಂತ ಏರಿದ್ದರೆ ನೀವು ಸರಿದಾರಿಯಲ್ಲಿದ್ದೀರಿ. ಏರಿಲ್ಲವೇ? ಬರೀ ಸುಕ್ಕು ಇಸ್ತ್ರಿ ಮಾಡಿದ್ದೀರಿ ಅಷ್ಟೇ. ಪ್ರತಿ ಸುತ್ತಿನ ಕೊನೆಗೆ ಮತ್ತೆ ಕಾಯಿಸಿ ಮೆದು ಮಾಡಿ. ಮುಂದಿನ ಸುತ್ತಿನ ಮಡಿಕೆಗಳನ್ನು ಹಿಂದಿನವುಗಳ ಎಡೆಯಲ್ಲಿ ಎಬ್ಬಿಸಿ. ಎರಡನೇ ಸುತ್ತು ಮುಗಿಯುವಾಗ ನಡುವಿಗೆ ಒಂದು ಪೆಟ್ಟೂ ಕೊಡದೆ ಡೂಮ್ ತಾನಾಗಿ ಮೇಲೇಳುವುದು ಕಾಣುತ್ತದೆ. ಅದನ್ನು ಮೊದಲ ಸಲ ನೋಡುವ ಖುಷಿಯೇ ಬೇರೆ.

7. ನಯ

ಈಗ ಕಬ್ಬಿಣದ ಸುತ್ತಿಗೆ ಹಿಡಿಯಬಹುದು. ಒಳಗೆ ಡಾಲಿ ಹಿಡಿದು ಹೊರಗಿನಿಂದ ಮೆಲ್ಲಗೆ, ಒತ್ತೊತ್ತಾಗಿ ತಟ್ಟಿ. ಡಾಲಿಯ ಮೇಲೆಯೇ ಬಿದ್ದ ಪೆಟ್ಟು ಟಣ್ ಎನ್ನುತ್ತದೆ, ತಪ್ಪಿದರೆ ಮಂದ ಸದ್ದು. ಆಮೇಲೆ ಅರವನ್ನು ಹಗುರವಾಗಿ ಎಳೆಯಿರಿ. ಉಬ್ಬು ಹೊಳೆಯುತ್ತದೆ, ತಗ್ಗು ಮಂಕಾಗಿಯೇ ಉಳಿಯುತ್ತದೆ. ಆ ತಗ್ಗನ್ನು ಒಳಗಿನಿಂದ ಎತ್ತಿ, ಮತ್ತೆ ಅರ ಎಳೆಯಿರಿ. ಅರದಿಂದಲೇ ಉಬ್ಬನ್ನು ತೇಯ್ದು ಸಮ ಮಾಡಲು ಹೋದರೆ ತಗಡು ತೆಳುವಾಗುತ್ತದೆ. ಇಂಗ್ಲಿಷ್ ವೀಲ್ (ಎರಡು ಉರುಳೆಗಳ ನಡುವೆ ತಗಡು ಓಡಿಸುವ ಯಂತ್ರ) ಇದ್ದವರಿಗೆ ಈ ಹಂತ ಬೇಗ ಮುಗಿಯುತ್ತದೆ. ಒಂದು ಡೂಮ್‌ಗಾಗಿ ಅದನ್ನು ಕೊಳ್ಳಬೇಕಿಲ್ಲ.

ತಗ್ಗಿಗೆ ಪಟ್ಟಿ (ಪುಟ್ಟಿ) ಮೆತ್ತಿ ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ನನ್ನ ಕಾರಿನ ಬಾಗಿಲಿಗೆ ಒಂದು ಗ್ಯಾರೇಜಿನಲ್ಲಿ ಬೆರಳು ದಪ್ಪ ಪಟ್ಟಿ ಮೆತ್ತಿದ್ದರು. ಒಂದೇ ಮಳೆಗಾಲ. ನೀರು ಒಳಗೆ ಸೇರಿ, ಅಡಿಯ ತಗಡು ತುಕ್ಕು ಹಿಡಿದು, ಸೆಪ್ಟೆಂಬರಿನಲ್ಲಿ ಪೂರ್ತಿ ಪಟ್ಟಿಯೇ ಕಳಚಿ ಬಿತ್ತು.

8. ಅಂಚಿಗೆ ತಂತಿ, ಬಣ್ಣ

3 ಮಿ.ಮೀ. ತಂತಿಯ ಮೇಲೆ ಅಂಚನ್ನು ಮಡಚಿ ಸುತ್ತಲು 7.5 ಮಿ.ಮೀ. ಬಿಡಬೇಕು, ತಂತಿಯ ಎರಡೂವರೆ ಪಟ್ಟು. ತಂತಿಯೂ ಅಲ್ಯೂಮಿನಿಯಂನದ್ದೇ ಇರಲಿ. ಕಬ್ಬಿಣದ ತಂತಿ ಸುತ್ತಿದರೆ ಕಡಲ ಗಾಳಿಯ ಉಪ್ಪಿಗೆ ಎರಡು ಲೋಹ ಸೇರಿದ ಜಾಗದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಸ್ಟೀಲ್ ಬೋಲ್ಟ್ ಹಾಕುವ ಕಡೆ ರಬ್ಬರ್ ವಾಷರ್ ಬೇಕೇ ಬೇಕು.

ಬಣ್ಣಕ್ಕೆ ಮೊದಲು ಅಲ್ಯೂಮಿನಿಯಂಗೆ ಹಿಡಿಯುವ ಎಚ್ (etch) ಪ್ರೈಮರ್ ಹೊಡೆಯಿರಿ. ಸಾಮಾನ್ಯ ಪ್ರೈಮರ್ ಉಗುರಿನಲ್ಲಿ ಕೆರೆದರೆ ಎದ್ದು ಬರುತ್ತದೆ. ಬಣ್ಣದ ಕೆಲಸ ಮೇ ತಿಂಗಳ ಒಳಗೆ ಮುಗಿಸಿ. ಕೊನೆಗೆ ಡೂಮ್‌ನ ತಳಭಾಗದಲ್ಲಿ 6 ಮಿ.ಮೀ. ತೂತು ಒಂದು ಕೊರೆಯಿರಿ, ಒಳಗೆ ಬಿದ್ದ ನೀರು ಅಲ್ಲಿಂದ ಇಳಿದು ಹೋಗುತ್ತದೆ.